ಕೈಗೆ ಚಪ್ಪಲಿ ಹಾಕುತ್ತಿದ್ದಾಕೆ

ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಆಕೆಗೆ ಊರಿನ ಅರ್ಧ ಮಂದಿಯ ಮುಖ ಸರಿಯಾಗಿ ಗೊತ್ತಿರಲಿಲ್ಲ. ಕಾಲು ಮಾತ್ರ ಎಲ್ಲರದೂ ಗೊತ್ತಿತ್ತು. ಹಿಮ್ಮಡಿ ಒಡೆದವರು ಯಾರು, ಎಡಗಾಲಿನ ಚಪ್ಪಲಿಯನ್ನೇ ಹೆಚ್ಚು ಸವೆಸುವವರು ಯಾರು, ಪಾಲಿಶ್ ಹಾಕಿಸಿದ ಬೂಟಿನೊಳಗೆ ಹರಿದ ಕಾಲುಚೀಲ ತೊಟ್ಟ ಸಾಹೇಬರು ಯಾರು, ಎಲ್ಲ ಹೇಳುತ್ತಿದ್ದಳು. ಎಳೆತನದಲ್ಲೇ ಪೋಲಿಯೋ ಬಂದು ಎರಡೂ ಕಾಲು ಸೊರಗಿ ಮಡಚಿಹೋಗಿದ್ದವು. ಎರಡೂ ಅಂಗೈಗೆ ಹವಾಯಿ ಚಪ್ಪಲಿ ತೊಟ್ಟು, ಕೈ ಊರಿ, ಸೊಂಟ ಎತ್ತಿ ಮುಂದಿಟ್ಟು ನೆಲದ ಮೇಲೆ ನಡೆಯುತ್ತಿದ್ದಳು. ನಡೆಯುತ್ತಿದ್ದಳು ಎಂದೇ ಬರೆಯುತ್ತೇನೆ. ತೆವಳುವುದು ಎಂಬ ಮಾತನ್ನು ಒಮ್ಮೆ ಆಕೆಯ ಎದುರಿಗೆ ಬಾಯಿತಪ್ಪಿ ಆಡಿ ಮಂಗಳಾರತಿ ಎತ್ತಿಸಿಕೊಂಡಿದ್ದೇನೆ.

ಆಕೆ ತೀರಿಕೊಂಡದ್ದು ನನಗೆ ಗೊತ್ತಾದದ್ದೂ ತಡವಾಗಿ. ಈ ವರ್ಷದ ಬೇಸಿಗೆ ಶಿಬಿರಕ್ಕೆ ಬರುವವರ ಹೆಸರು ಬರೆದುಕೊಳ್ಳುತ್ತ ಆಕೆಯ ತಮ್ಮನಿಗೆ ಫೋನ್ ಮಾಡಿದೆ. ಎರಡು ತಿಂಗಳಾಯಿತು ಎಂದ. ತಿಳಿಸಬೇಕಿತ್ತು, ತಿಳಿಯಲಿಲ್ಲ ಎಂದು ಅವನೇ ನನ್ನ ಕ್ಷಮೆ ಕೇಳಿದ.

ಶಿಬಿರ ಎಂದರೆ, ಕಲಬುರಗಿಯ ಒಂದು ಮಿಶನ್ ಕಂಪೌಂಡಿನಲ್ಲಿ ಹಾಸ್ಟೆಲ್ ಮಕ್ಕಳು ಮೇ ರಜೆಗೆ ಊರಿಗೆ ಹೋದ ಮೇಲೆ, ಅವರ ಮಂಚಗಳ ಮೇಲೆ ನಾವು ಕೈಕಾಲು ಊನವಾದವರು ಐದು ದಿನ ಇದ್ದು ಬರುವುದು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಹಾಡು, ಆಟ, ಡಾಕ್ಟರು, ಸಂಜೆ ಮತ್ತೆ ಪ್ರಾರ್ಥನೆ. ಬರುವವರಲ್ಲಿ ಕ್ರೈಸ್ತರಿಗಿಂತ ನಮ್ಮಂಥವರೇ ಹೆಚ್ಚು. ಅದೇ ಊರಿನ ಗಾಜಿಪುರದಲ್ಲಿ ನಮ್ಮದು ಬಟ್ಟೆ ಅಂಗಡಿಯ ಮನೆತನ, ವಿಭೂತಿ ಇಲ್ಲದೆ ಊಟಕ್ಕೆ ಕೂರದ ಜನ. ಮೊದಲ ವರ್ಷ ಅಪ್ಪ ಗೇಟಿನಲ್ಲೇ ನಿಂತು, ಹುಡುಗಿಯ ತಲೆಗೆ ನೀರು ಹಾಕಿ ಹೆಸರು ಬದಲಿಸುವುದಿಲ್ಲ ತಾನೆ ಎಂದು ಪಾಸ್ಟರನ್ನು ಕೇಳಿದ್ದರು. ಈ ಬಿಸಿಲಿನಲ್ಲಿ ಕುಡಿಯುವ ನೀರಿಗೇ ತತ್ವಾರ ಎಂದು ಪಾಸ್ಟರು ನಕ್ಕಿದ್ದರು. ಅಪ್ಪನಿಗೆ ಆ ಉತ್ತರ ಹಿಡಿಸಿತು, ಬಿಟ್ಟು ಹೋದರು.

ಆಗ ನನಗೆ ಹತ್ತೊಂಬತ್ತು. ಬಲಗಾಲಿಗೆ ಕ್ಯಾಲಿಪರ್, ಕಬ್ಬಿಣದ ಪಟ್ಟಿ ಕೂಡಿಸಿದ ಬೂಟು. ನನ್ನ ತಲೆಯಲ್ಲಿ ಒಂದು ಏಣಿ ಇತ್ತು, ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಮೇಲಿನ ಮೆಟ್ಟಿಲಲ್ಲಿ ಕ್ಯಾಲಿಪರಿನವರು, ಕೆಳಗೆ ಕಂಕುಳ ಕೋಲಿನವರು, ಅವರಿಗಿಂತ ಕೆಳಗೆ ಗಾಲಿಕುರ್ಚಿಯವರು, ಎಲ್ಲರಿಗಿಂತ ಕೆಳಗೆ ನೆಲದವರು. ಆಕೆ ಗೇಟಿನಿಂದ ಕೈ ಊರುತ್ತ ಬಂದು ನನ್ನ ಪಕ್ಕದ ಮಂಚದ ಕೆಳಗೆ ಚೀಲ ಇಟ್ಟಾಗ ಮುಖ ತಿರುಗಿಸಿ ಕೂತೆ. ಆಕೆ ನನ್ನ ಬೂಟನ್ನು ನೋಡಿ, ಹೊಸದು, ಕಚ್ಚುತ್ತಿರಬೇಕು, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚು ಎಂದಳು. ಕಚ್ಚುತ್ತಿತ್ತು. ಆ ವಿಷಯವನ್ನು ನಾನು ಅವ್ವನಿಗೂ ಹೇಳಿರಲಿಲ್ಲ.

ಶಿಬಿರದಲ್ಲಿ ಒಂದು ಪದ್ಧತಿ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಮೂರು ತಾಸು ಎಲ್ಲರೂ ಮಲಗಬೇಕು. ಆ ಹೊತ್ತಿಗೆ ಸೇವೆಗೆ ಬಂದ ಹುಡುಗಿಯರು ನಮ್ಮ ಕೋಲು, ಕ್ಯಾಲಿಪರ್, ಗಾಲಿಕುರ್ಚಿ ಎಲ್ಲವನ್ನೂ ಎತ್ತಿಕೊಂಡು ಹೋಗಿ ಅಂಗಳದ ಬೇವಿನ ಮರದ ಕೆಳಗೆ ಇಟ್ಟು, ತೊಳೆದು, ಒರೆಸಿ, ಎಣ್ಣೆ ಬಿಡುತ್ತಿದ್ದರು. ಹಾಡು ಹೇಳುತ್ತ ಮಾಡುತ್ತಿದ್ದರು, ಪಾಪ, ತುಂಬ ಪ್ರೀತಿಯಿಂದ. ಮೂವತ್ತು ಹೆಣ್ಣುಮಕ್ಕಳು ಮೂರು ತಾಸು ಮಂಚ ಬಿಟ್ಟು ಕದಲುವಂತಿಲ್ಲ ಎಂಬುದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಮಗೂ ಹೇಳುವ ಧೈರ್ಯ ಇರಲಿಲ್ಲ. ಪುಕ್ಕಟೆ ಊಟ ಹಾಕುವವರ ಎದುರಿಗೆ ಬಾಯಿ ತೆರೆಯುವುದು ಹೇಗೆ?

ಎರಡನೆಯ ದಿನ ನನಗೆ ಬಚ್ಚಲಿಗೆ ಹೋಗಲೇಬೇಕಾಯಿತು. ತಡೆದುಕೊಂಡು, ಸೀರೆಯ ಸೆರಗು ಕಚ್ಚಿಕೊಂಡು ಮಲಗಿದ್ದೆ. ಹೊರಗೆ ಹಾಡು ಮುಗಿಯುವ ಲಕ್ಷಣ ಇರಲಿಲ್ಲ. ನೆಲದ ಮೇಲೆ ಪಟ್ ಪಟ್ ಎಂದು ಚಪ್ಪಲಿಯ ಸದ್ದು ಬಂತು. ಆಕೆ ಒಬ್ಬಳೇ ಆ ಇಡೀ ಕೋಣೆಯಲ್ಲಿ ಓಡಾಡುತ್ತಿದ್ದಳು. ಒಬ್ಬಳಿಗೆ ನೀರು ಕೊಟ್ಟು, ಇನ್ನೊಬ್ಬಳ ಮಂಚಕ್ಕೆ ಬಿಸಿಲು ಬಿದ್ದಿದೆಯೆಂದು ಕಿಟಕಿ ಮುಚ್ಚಿ, ನನ್ನ ಹತ್ತಿರ ಬಂದು ಮುಖ ನೋಡಿದಳು. "ನಿಮ್ಮೆಲ್ಲರ ಕಾಲು ಹೊರಗ ಒಣಗಾಕತ್ತಾವ, ತಂಗಿ. ನನ್ನ ಕೈ ನನ್ನ ಹತ್ರನೇ ಅವ," ಎಂದಳು. ಹೊರಗೆ ಹೋಗಿ, ಒದ್ದೆ ಕ್ಯಾಲಿಪರನ್ನು ಕೊರಳಿಗೆ ಹಾಕಿಕೊಂಡು ತಂದಳು. ನಾನು ಅತ್ತುಬಿಟ್ಟೆ. ಅಳುವುದನ್ನು ಬಚ್ಚಲಲ್ಲಿ ಅಳು, ಮೊದಲು ಹೋಗು ಎಂದಳು.

ಅಂದಿನಿಂದ ಆಕೆ ನನಗೆ ಅಕ್ಕ. ಆಕೆಯ ಮನೆಯವರು ಬುದ್ಧನ ಪಟಕ್ಕೆ ಊದಿನಕಡ್ಡಿ ಹಚ್ಚುವವರು, ಆಕೆ ಶಿಬಿರದಲ್ಲಿ ಯೇಸುವಿನ ಹಾಡುಗಳನ್ನು ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ತಪ್ಪಾಗಿ ಹಾಡುತ್ತಿದ್ದಳು. ಒಂದು ಸಂಜೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಆಕೆಯ ತಲೆಯ ಮೇಲೆ ಕೈ ಇಟ್ಟು, ಈ ಸಹೋದರಿ ನಡೆಯುವಂತಾಗಲಿ ಎಂದು ಕಣ್ಣೀರು ಹಾಕಿ ಬೇಡಿಕೊಂಡಳು. ಪೂರ್ತಿ ಕೇಳಿಸಿಕೊಂಡ ಮೇಲೆ ಆಕೆ, ತಾನು ನಡೆಯುತ್ತಲೇ ಇರುವುದಾಗಿಯೂ ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನ ಮುಂದೆ ಕೆಸರಾಗದಂತೆ ಬೇಡಿಕೊಂಡರೆ ಉಪಕಾರವಾಗುತ್ತದೆಂದೂ ಹೇಳಿದಳು. ಆ ಹುಡುಗಿ ಒಳ್ಳೆಯವಳು, ಮತ್ತೆ ಕಣ್ಣು ಮುಚ್ಚಿ ಅದನ್ನೂ ಬೇಡಿಕೊಂಡಳು.

ಕಮಲಾಪುರದಿಂದ ಕಲಬುರಗಿಗೆ ಆಕೆ ಒಬ್ಬಳೇ ಬಸ್ಸಿಗೆ ಬರುತ್ತಿದ್ದಳು. ಚಪ್ಪಲಿ ಕಳಚಿ ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿನ ಕಂಬಿ ಹಿಡಿದು ಎರಡೇ ಜಗ್ಗಿಗೆ ಒಳಗೆ. ಎತ್ತಿ ಹತ್ತಿಸಲು ಬಂದ ಹೊಸ ಕಂಡಕ್ಟರನಿಗೆ, ಹೆಣ್ಣುಮಕ್ಕಳನ್ನು ಹಾಗೆ ಮುಟ್ಟಬಾರದಪ್ಪ ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿ ಅವನ ಕಿವಿ ಕೆಂಪಗಾಗಿಸಿದ್ದಳು. ನಮ್ಮ ಮನೆಗೂ ಒಮ್ಮೆ ಬಂದಿದ್ದಳು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಕೈ ತೊಳೆಯಲು ನೀರು ಕೇಳಿ, ಒಳಗೆ ಬಂದು ಅವ್ವನ ಹತ್ತಿರ ರೊಟ್ಟಿ ಬಡಿಯಲು ಕೂತಳು. ನನ್ನ ಅವ್ವನ ರೊಟ್ಟಿಗಿಂತ ಆಕೆಯ ರೊಟ್ಟಿ ತೆಳ್ಳಗಾದವು. ಅಷ್ಟು ಬಲ ಇತ್ತು ಆ ಕೈಗಳಲ್ಲಿ.

ಆಕೆಗೆ ಸಿಟ್ಟು ಬೇಗ ಬರುತ್ತಿತ್ತು, ಅದನ್ನೂ ಹೇಳಬೇಕು. ಗೆಲ್ಲುವ ಹಟ ಬೇರೆ. ಚೌಕಾಬಾರಾ ಆಡುವಾಗ ಕವಡೆ ತಿರುಗಿಸಿ ಮೋಸ ಮಾಡುತ್ತಿದ್ದಳು, ಹಿಡಿದರೆ ಜಗಳ ತೆಗೆಯುತ್ತಿದ್ದಳು. ಯಾರಾದರೂ ಅಯ್ಯೋ ಎಂದರೆ ಅವರಿಗೆ ಹಣ್ಣು ಮಾರುತ್ತಿರಲಿಲ್ಲ.

ಕಾಲ ಕಳೆಯಿತು. ನಾನು ಓದು ಮುಗಿಸಿ ಕುಸನೂರಿನ ಶಾಲೆಯಲ್ಲಿ ಶಿಕ್ಷಕಿಯಾದೆ. ಶಿಬಿರಕ್ಕೆ ಬರುತ್ತಿದ್ದವಳು ಶಿಬಿರ ನಡೆಸುವವರ ಸಮಿತಿಗೆ ಸೇರಿದೆ. ಮಧ್ಯಾಹ್ನದ ಹೊತ್ತು ಕೋಲು ಒಯ್ಯುವ ಪದ್ಧತಿಯನ್ನು ನಾನೇ ನಿಲ್ಲಿಸಿದೆ, ಅದಕ್ಕಾಗಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅರ್ಜಿ ತುಂಬುವುದು, ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ತರುವುದು, ಸಭೆಯಲ್ಲಿ ಮಾತಾಡುವುದು, ಎಲ್ಲದಕ್ಕೂ ನಾನೇ ಮುಂದೆ.

ಒಂದು ವರ್ಷ ಪರವೂರಿನ ದಾನಿಗಳು ಗಾಲಿಕುರ್ಚಿಗಳನ್ನು ಕೊಡಲು ಮುಂದೆ ಬಂದರು. ಪಟ್ಟಿಯಲ್ಲಿ ನಾನು ಬರೆದ ಮೊದಲ ಹೆಸರೇ ಆಕೆಯದು. ಬೇಡ ಎಂದಳು. ನಮ್ಮ ಓಣಿಯ ಚರಂಡಿ ದಾಟುತ್ತದೆಯೇ ಎಂದು ಕೇಳಿದಳು. ತಮ್ಮ ಹೊಸದಾಗಿ ಮನೆ ಕಟ್ಟಿಸಿದ್ದಾನೆ, ಐದು ಮೆಟ್ಟಿಲಿವೆ, ಅದನ್ನು ಇಳಿಯುತ್ತದೆಯೇ ಎಂದು ಕೇಳಿದಳು. ಇಬ್ಬರು ಹಿಡಿದರೆ ಇಳಿಯುತ್ತದೆ ಎಂದೆ. ಆ ಇಬ್ಬರು ದಿನಾಲೂ ಎಲ್ಲಿಂದ ಬರಬೇಕು ಎಂದಳು. ನಾನು ಬಿಡಲಿಲ್ಲ. ನಲವತ್ತು ದಾಟಿದವಳು ಇನ್ನೂ ಮಣ್ಣಿನಲ್ಲಿ ಕೈ ಊರುವುದು ಚೆಂದವಲ್ಲ, ಭುಜ ಸವೆಯುತ್ತದೆ, ಮಾನದಿಂದ ಕೂರಬೇಕು ಎಂದೆಲ್ಲ ಒಂದು ಮಧ್ಯಾಹ್ನ ಪೂರ್ತಿ ಕೊರೆದೆ. ಭುಜದ ಮಾತು ನಿಜವಿತ್ತು. ಆದರೆ ನನ್ನೊಳಗೆ ಕೆಲಸ ಮಾಡುತ್ತಿದ್ದದ್ದು ಆ ಹಳೆಯ ಏಣಿ. ನನ್ನ ಅಕ್ಕ ಎಂದು ದಾನಿಗಳಿಗೆ ತೋರಿಸಬೇಕಾದವಳು ನೆಲದ ಮೇಲಿರುವುದು ನನಗೆ ಬೇಡವಾಗಿತ್ತು.

"ನೀ ಓದಿದಾಕಿ. ನೀ ಹೇಳ್ತಿ ಅಂದ್ರ ಇರಲಿ," ಎಂದು ಸಹಿ ಹಾಕಿದಳು.

ಕೊನೆಯ ದಿನ ವೇದಿಕೆಯ ಮೇಲೆ ಹೂಮಾಲೆ ಹಾಕಿ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದರು. ತಮ್ಮ, ತಮ್ಮನ ಹೆಂಡತಿ ಊರಿಂದ ಬಂದಿದ್ದರು. ತಮ್ಮ ಸರ್ಕಾರಿ ಕಚೇರಿಯಲ್ಲಿ ಜವಾನ, ಮೆತ್ತನೆಯ ಮನುಷ್ಯ, ಅಕ್ಕನನ್ನು ಬಿಟ್ಟು ಒಂದು ತುತ್ತು ಉಣ್ಣದವನು. ಅಕ್ಕ ಎಲ್ಲರ ಸಮಕ್ಕೆ ಕೂತದ್ದನ್ನು ನೋಡಿ ಅವನು ಟವೆಲಿನಿಂದ ಕಣ್ಣು ಒರೆಸಿಕೊಂಡ. ಆಕೆ ಕೆಳಗೆ ನೆರೆದ ಮಂದಿಯನ್ನು ನೋಡಿ, ಮುಖ ನೋಡಿದರೆ ಒಬ್ಬರ ಗುರುತೂ ಹತ್ತುತ್ತಿಲ್ಲವಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ನಕ್ಕೆ.

ಏಳೆಂಟು ತಿಂಗಳ ಮೇಲೆ ಮಹಾಗಾಂವದಲ್ಲಿ ಶಿಕ್ಷಕರ ತರಬೇತಿ ಇತ್ತು. ಹೇಗೂ ಹತ್ತಿರವೆಂದು ಟೆಂಪೋ ಹಿಡಿದು ಕಮಲಾಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ಜಾಗದಲ್ಲಿ ಬೇರೆ ಹೆಂಗಸು ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದಳು. ಕೇಳಿದರೆ, ಮಳೆಗಾಲದಿಂದ ಆಕೆ ಬಂದೇ ಇಲ್ಲ ಎಂದಳು.

ಮನೆಯ ಐದು ಮೆಟ್ಟಿಲು ಹತ್ತಿ ಒಳಗೆ ಹೋದೆ. ಕಿಟಕಿಯ ಹತ್ತಿರ ಕುರ್ಚಿ, ಕುರ್ಚಿಯಲ್ಲಿ ಆಕೆ. ಕುರ್ಚಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಕೂದಲಿಗೆ ಎಣ್ಣೆ ಹಚ್ಚಿ ಹೆಣಲು ಹಾಕಿದ್ದರು, ಒಗೆದ ಸೀರೆ ಉಡಿಸಿದ್ದರು. ಕಿಟಕಿಯಿಂದ ಎದುರಿನ ಮನೆಯ ಗೋಡೆ ಕಾಣುತ್ತಿತ್ತು, ಅಷ್ಟೇ. ತಮ್ಮನ ಹೆಂಡತಿ ಕುರ್ಚಿಯ ಕಂಬಿಯನ್ನು ಸೆರಗಿನಿಂದ ಒರೆಸುತ್ತ, ನೀವು ಪುಣ್ಯ ಕಟ್ಟಿಕೊಂಡಿರಿ ಎಂದು ನನಗೆ ಕೈ ಮುಗಿದಳು. ಮಗಳಿಗೆ ಗಂಡು ನೋಡುತ್ತಿದ್ದಾರೆ, ಬೀಗರು ಬಂದು ಹೋಗುತ್ತಾರೆ. ಇಷ್ಟು ದೊಡ್ಡ ಕುರ್ಚಿ ಕೊಟ್ಟ ಮೇಲೂ ಅಕ್ಕ ಓಣಿಯಲ್ಲಿ ನೆಲದ ಮೇಲೆ ಓಡಾಡಿದರೆ, ತಮ್ಮ ಸಂಬಳ ಎಣಿಸುತ್ತಾನೆ, ಅಕ್ಕನನ್ನು ಮಣ್ಣಿಗೆ ಹಾಕಿದ್ದಾನೆ ಎಂದು ಜನ ಆಡಿಕೊಳ್ಳುವುದಿಲ್ಲವೆ ಎಂದಳು. ಕೈಯ ಚಪ್ಪಲಿಗಳನ್ನು ಅವನು ಅಟ್ಟದ ಮೇಲಿಟ್ಟಿದ್ದ. ಸಂಜೆ ಕಚೇರಿಯಿಂದ ಬಂದ ಮೇಲೆ, ಪಕ್ಕದ ಮನೆಯವರು ಸಿಕ್ಕರೆ, ಇಬ್ಬರೂ ಹಿಡಿದು ಕುರ್ಚಿಯನ್ನು ಕೆಳಗಿಳಿಸಿ ಒಂದು ಸುತ್ತು ತಿರುಗಿಸುತ್ತಿದ್ದರಂತೆ. ಹೋದ ತಿಂಗಳು ಎರಡು ಸಲ ಸಿಕ್ಕಿದ್ದರಂತೆ.

ತಮ್ಮನ ಹೆಂಡತಿ ಚಹಾ ಮಾಡಲು ಒಳಗೆ ಹೋದಳು. ನಾನು, ಇದೇನಕ್ಕ, ತಮ್ಮ ಬೈದರೆ ಬಗ್ಗುವವಳಲ್ಲವಲ್ಲ ನೀನು ಎಂದೆ.

"ಬೈದ್ರ ನಾ ಇಳದು ಹೋಗ್ತಿದ್ದೆ, ತಂಗಿ. ಅವ ಬೈಯಂಗಿಲ್ಲ. ಅಳ್ತಾನ," ಎಂದಳು. ಆಮೇಲೆ ನನ್ನ ಮುಂಗೈ ಹಿಡಿದಳು. "ಇದನ್ನ ನೀನೇ ಕೊಡಿಸೀದಿ, ನೀನೇ ಒಯ್ಯಿ. ಹೆಸರು ತಪ್ಪಿ ಬಂದಿತ್ತು, ಬ್ಯಾರೆದವರದು ಅಂತ ಹೇಳು. ನಾ ಬ್ಯಾಡ ಅಂದ್ರ ಅವನ ಮನಸಿಗಿ ಹತ್ತತದ. ನೀ ಹೇಳಿದ್ರ ಆಫೀಸ್ ಕೆಲಸ ಆಗ್ತದ, ಯಾರಿಗೂ ನೋವಿಲ್ಲ."

ಹಿಡಿದ ಬಿಗಿಗೆ ನನ್ನ ಬಳೆ ಚುಚ್ಚಿತು. ಮಾಡುತ್ತೇನೆ ಅಕ್ಕ ಎಂದೆ. ಆಣೆ ಇಡು ಎಂದಳು, ಇಟ್ಟೆ.

ಮಾಡಲಿಲ್ಲ. ಊರಿಗೆ ಬಂದ ವಾರವೇ ಮಾಡಬೇಕೆಂದಿದ್ದೆ. ಆದರೆ ಆ ವರ್ಷ ಶಿಬಿರದ ಕ್ಯಾಲೆಂಡರಿನ ಮೊದಲ ಹಾಳೆಗೆ ಆಕೆಯ ಫೋಟೋ ಹಾಕಿದ್ದರು, ಮಾಲೆ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತದ್ದು. ಅದನ್ನು ನೋಡಿ ಇನ್ನಷ್ಟು ಕುರ್ಚಿ ಕೊಡಲು ದಾನಿಗಳು ಒಪ್ಪಿದ್ದರು. ಆ ಕುರ್ಚಿಯನ್ನೇ ವಾಪಸ್ ತರಬೇಕು ಎಂದು ಸಭೆಯಲ್ಲಿ ಹೇಳುವುದು ಹೇಗೆ? ಆಕೆಯ ಮಾತು ಕೇಳದೆ ನಾನೇ ಹೆಸರು ಬರೆದೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಮುಂದಿನ ಸಭೆ ಎಂದೆ, ಪರೀಕ್ಷೆ ಮುಗಿಯಲಿ ಎಂದೆ, ಮೇ ತಿಂಗಳಲ್ಲಿ ಆಕೆಯೇ ಶಿಬಿರಕ್ಕೆ ಬರುತ್ತಾಳಲ್ಲ, ಬಂದಾಗ ಇಲ್ಲಿಯೇ ಕುರ್ಚಿ ಇಟ್ಟುಕೊಂಡು ಕಳಿಸಿದರಾಯಿತು ಎಂದುಕೊಂಡೆ. ಇದು ನನಗೆ ಬಹಳ ಜಾಣತನ ಎನಿಸಿತ್ತು.

ಮೇ ತಿಂಗಳಲ್ಲಿ ಆಕೆ ಬರಲಿಲ್ಲ. ಕುರ್ಚಿ ಬಸ್ಸಿನಲ್ಲಿ ಹಿಡಿಸುವುದಿಲ್ಲ, ಕುರ್ಚಿ ಇಲ್ಲದೆ ಅಕ್ಕನನ್ನು ಕಳಿಸಲು ಮನಸ್ಸು ಬರುವುದಿಲ್ಲ ಎಂದು ತಮ್ಮ ಫೋನಿನಲ್ಲಿ ಹೇಳಿದ. ನಾನು ಸೇರಿದ ವರ್ಷದಿಂದ ಒಂದು ಶಿಬಿರವನ್ನೂ ತಪ್ಪಿಸದವಳು ಅದೊಂದು ವರ್ಷ ತಪ್ಪಿಸಿದಳು. ಆಕೆಗೆ ಫೋನ್ ಕೊಟ್ಟ. "ನೆನಪದ ಏನು, ತಂಗಿ?" ಎಂದಳು. ತಮ್ಮ ಪಕ್ಕದಲ್ಲೇ ಇದ್ದಿರಬೇಕು, ಅಷ್ಟೇ ಕೇಳಿದಳು. "ಅದ ಅಕ್ಕ, ಕಾಗದ ಹೋಗ್ಯಾದ, ಉತ್ತರ ಬರಬೇಕು," ಎಂದೆ. ಕಾಗದ ಎಲ್ಲಿಗೂ ಹೋಗಿರಲಿಲ್ಲ. ನಾನು ಬರೆದೇ ಇರಲಿಲ್ಲ. "ಆಗಲಿ, ಬರೂತನಾ ಕುಂತಿರ್ತೀನಿ," ಎಂದಳು. ಮತ್ತೆ ಎಂದೂ ಕೇಳಲಿಲ್ಲ. ನಾನೂ ಫೋನ್ ಮಾಡುವುದನ್ನು ಕಡಿಮೆ ಮಾಡಿದೆ.

ಸುದ್ದಿ ತಿಳಿದ ಮರುದಿನ ಕಮಲಾಪುರಕ್ಕೆ ಹೋದೆ. ಶಿಬಿರದ ಟೆಂಪೋ ಜೊತೆಗೆ ಕಳಿಸಿದ್ದರು, ಕುರ್ಚಿಯನ್ನು ವಾಪಸ್ ತರಲು. ಬಸ್‌ಸ್ಟ್ಯಾಂಡಿನಲ್ಲಿ ಟೆಂಪೋ ನಿಲ್ಲಿಸಿ ಹೂವು ತೆಗೆದುಕೊಳ್ಳುವಾಗ, ಬಾಳೆಹಣ್ಣಿನ ಹೆಂಗಸು ನನ್ನನ್ನು ಗುರುತಿಸಿ ಒಂದು ಮಾತು ಹೇಳಿದಳು. ಹೋದ ಬೇಸಿಗೆಯಲ್ಲಿ ಮನೆಯವರೆಲ್ಲ ಮಗಳ ನಿಶ್ಚಯಕ್ಕೆ ಮಹಾಗಾಂವಕ್ಕೆ ಹೋದ ದಿನ, ನಡುಮಧ್ಯಾಹ್ನ ಆಕೆ ಬರಿಗೈ ಊರಿಕೊಂಡು ಕಾದ ಡಾಂಬರಿನ ಮೇಲೆ ಬಸ್‌ಸ್ಟ್ಯಾಂಡಿನ ತನಕ ಬಂದಳಂತೆ. ಎರಡೂ ಅಂಗೈ ಬೊಬ್ಬೆ ಎದ್ದಿದ್ದವಂತೆ. ಸಂಜೆಯ ತನಕ ಅಲ್ಲೇ ಕೂತು, ಹೋಗಿ ಬರುವವರ ಕಾಲು ನೋಡಿ ಹೆಸರು ಹಿಡಿದು ಕರೆಯುತ್ತ, ನಗುತ್ತ ಇದ್ದಳಂತೆ. ಆಮೇಲೆ ತಮ್ಮ ಬಂದು ಎತ್ತಿಕೊಂಡು ಹೋದನಂತೆ. ಅವನು ದಾರಿಯುದ್ದಕ್ಕೂ ಅಳುತ್ತಿದ್ದನಂತೆ.

ಮನೆಯಲ್ಲಿ ಹೂವು ಇಟ್ಟು ಕೂತೆ. ಕುಳಿತೂ ಕುಳಿತೂ ಮೈ ಊದಿಕೊಂಡಿತ್ತು, ಸಕ್ಕರೆ ಏರಿತ್ತು, ಕೊನೆಗೆ ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿತು ಎಂದು ತಮ್ಮ ಹೇಳಿದ. ಕುರ್ಚಿಯನ್ನು ತೊಳೆದು ಒರೆಸಿ ಪಡಸಾಲೆಯಲ್ಲಿ ಇಟ್ಟಿದ್ದ. ಗಾಲಿಗಳು ಹೊಚ್ಚ ಹೊಸದಾಗಿಯೇ ಇದ್ದವು. ಸೊಂಟದ ಬೆಲ್ಟಿನ ಕೊಂಡಿ ಮುಂದೆ ಇರಲಿಲ್ಲ, ಹಿಂದೆ ಇತ್ತು, ಕೂತವರ ಕೈಗೆ ಎಟುಕದ ಕಡೆ. ಮೋಚಿಯ ಹತ್ತಿರ ಒಯ್ದು ಬಿಚ್ಚಿಸಿ, ತಿರುಗಿಸಿ ಹೊಲಿಸಿದ್ದರು. ಇದೇಕೆ ಹೀಗೆ ಎಂದು ಕೇಳಿದೆ.

ಅಂಗೈ ಸುಟ್ಟುಕೊಂಡ ಆ ದಿನದಿಂದ, ಎಂದ. ಮುಂದೆ ಇದ್ದರೆ ಆಕೆ ತೆಗೆದುಬಿಡುತ್ತಿದ್ದಳು. ಆಮೇಲೆ ಎದ್ದು ಗೋಡೆಯ ಹತ್ತಿರ ಹೋಗಿ, ಬುದ್ಧನ ಪಟದ ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ್ದ ಒಂದು ಕಾಗದವನ್ನು ತಂದು ನನ್ನ ಕೈಗೆ ಕೊಟ್ಟ. ಮಾಸಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದರು. ಕುರ್ಚಿಯ ಜೊತೆ ಎಲ್ಲರಿಗೂ ಹಂಚಿದ ಸೂಚನೆಗಳ ಕಾಗದ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ತಂದವಳು ನಾನು. ದುಂಡಗೆ ಬರೆದು ಝೆರಾಕ್ಸ್ ಮಾಡಿಸಿದವಳೂ ನಾನೇ. ಮೂರನೆಯದು: ಕುಳಿತಿರುವಷ್ಟು ಹೊತ್ತೂ ಬೆಲ್ಟ್ ಕಟ್ಟಿರತಕ್ಕದ್ದು. ನಾಲ್ಕನೆಯದು: ಯಾವ ಕಾರಣಕ್ಕೂ ಒಬ್ಬರೇ ಇಳಿಯಲು ಬಿಡಬಾರದು. ಕಟ್ಟುನಿಟ್ಟಾಗಿರಲಿ ಎಂದು ಅದರ ಕೆಳಗೆ ಗೆರೆ ಎಳೆದಿದ್ದೆ.

"ಇದರಾಗ ಇದ್ದಂಗೇ ನೋಡಿಕೊಂಡೀವ್ರಿ, ಅಕ್ಕೋರೆ. ಒಂದೂ ಬಿಟ್ಟಿಲ್ಲ," ಎಂದ. "ನಮ್ಮಿಂದ ಏನರೆ ತಪ್ಪಾಗ್ಯಾದೇನ್ರಿ?"

ನಾನು ಆ ಕಾಗದವನ್ನು ಒಂದರಿಂದ ಎಂಟರ ತನಕ ಓದಿದೆ. ಓದುವಷ್ಟು ಹೊತ್ತು ಅವನು ನಿಂತೇ ಇದ್ದ.

"ನಿಮ್ಮದೇನೂ ತಪ್ಪಿಲ್ಲರಿ," ಎಂದೆ. "ಬರೆದದ್ದನ್ನೇ ಮಾಡೀರಿ."

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಅವನಿಗೆ ಸಮಾಧಾನವಾಯಿತು.